ಕ್ಲಬ್ಬಿನವರು ಒಪ್ಪದ ಓಟಗಾರ

ಬಟ್ಟೆ ಗಿರಣಿಯ ಬಾಯ್ಲರಿಗೆ ಕಲ್ಲಿದ್ದಲು ತುಂಬುತ್ತಿದ್ದ ಅವನನ್ನು ಎಲ್ಲರೂ ಕುದುರೆ ಎಂದೇ ಕರೆಯುತ್ತಿದ್ದರು. ಸೈರನ್ ನಿಂತೊಡನೆ ಗಿರಣಿಯ ಗೇಟು ಮುಚ್ಚಿಬಿಡುತ್ತಿತ್ತು, ಮನೆ ಮೂರು ಮೈಲಿ ದೂರ. ಹದಿನಾಲ್ಕು ವರ್ಷ ದಿನಾ ಓಡಿಕೊಂಡೇ ಕೆಲಸಕ್ಕೆ ಬಂದವನಿಗೆ, ಓಡುವುದೂ ಒಂದು ಆಟ ಎಂದು ಹೇಳಿದ್ದರೆ ನಗು ಬರುತ್ತಿತ್ತು.

ಆ ವರ್ಷ ಊರಿನ ಕ್ರೀಡಾ ಕ್ಲಬ್ಬಿನವರು ಐದು ಮೈಲಿ ಓಟ ಇಟ್ಟರು. ಅದೇ ಗಿರಣಿಯಲ್ಲಿ ನೂಲು ಸುತ್ತುತ್ತಿದ್ದ ಅಕ್ಕ ಹಟ ಹಿಡಿದು ಅವನ ಹೆಸರು ಬರೆಸಿದಳು. ವಕೀಲರ, ವ್ಯಾಪಾರಿಗಳ ಮಕ್ಕಳು ಬಿಳಿ ಚಡ್ಡಿ, ಮೊಳೆ ಬೂಟು ತೊಟ್ಟು ನಿಂತಿದ್ದರು. ಇವನದು ಮಂಡಿಯವರೆಗೆ ಮಡಚಿದ ಪ್ಯಾಂಟು, ಬರಿಗಾಲು. ಎರಡನೆಯವನು ಬಂದು ಮುಟ್ಟುವ ಹೊತ್ತಿಗೆ ಇವನು ಮುಖ ತೊಳೆದು, ನೀರು ಕುಡಿದು, ನೆರಳಲ್ಲಿ ಕೂತಾಗಿತ್ತು.

ಕಾರ್ಯದರ್ಶಿ ಒಳಗೆ ಕರೆಸಿದರು.

"ಏನಪ್ಪಾ ಕೆಲಸ ನಿಂದು?"

"ಬಾಯ್ಲರ್ ಮನೇಲಿ, ಸಾರ್."

ಅವರು ನಿಯಮದ ಪುಸ್ತಕ ಬಿಡಿಸಿದರು. "ಮೈ ಬಗ್ಗಿಸಿ ದುಡಿಯೋರು ಇದರಲ್ಲಿ ಸೇರೋ ಹಾಗಿಲ್ಲ. ದಿನಾ ಸಲಿಕೆ ಎಳೆದು ನಿಮ್ಮ ಮೈ ಗಟ್ಟಿಯಾಗಿರುತ್ತೆ. ಮಿಕ್ಕವರಿಗೆ ಅನ್ಯಾಯ ಅಲ್ವಾ?"

ಹಿಂದಿನ ದಿನವೂ ಹತ್ತು ಗಂಟೆ ಬೆಂಕಿಯ ಮುಂದೆ ನಿಂತು, ಕಪ್ಪು ಕಫ ಕೆಮ್ಮಿದ್ದವನಿಗೆ ಮೈಯೆಲ್ಲ ಉರಿದುಹೋಯಿತು. "ಹಾಗಾದ್ರೆ ಅವರೂ ಬರ್ಲಿ ಸಾರ್, ನಾಳೆಯಿಂದ ಬಾಯ್ಲರ್ ಮನೆಗೆ. ಮೈ ಗಟ್ಟಿ ಮಾಡ್ಕೊಳ್ಳಲಿ. ನಾವೇನು ಬೇಡ ಅಂತೀವಾ?"

ಬಹುಮಾನದ ಕಪ್ಪು ಎರಡನೆಯವನಿಗೆ ಹೋಯಿತು. ಅವನು ಗಿರಣಿ ಮಾಲೀಕರ ತಂಗಿಯ ಮಗ.

ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. "ಅತ್ತುಬಿಡು, ಹಗುರಾಗುತ್ತೆ" ಎಂದಳು ಅಕ್ಕ.

"ಅಳು ಬರ್ತಿಲ್ಲ ಅಕ್ಕ. ಯಾರಿಗಾದ್ರೂ ಬಾರಿಸಬೇಕು ಅನ್ಸುತ್ತೆ."

ಬಾರಿಸಲಿಲ್ಲ. ಮುಂದಿನ ಭಾನುವಾರ ಗಿರಣಿ ರಸ್ತೆಯಲ್ಲಿ ನಾವೇ ಓಟ ಇಡೋಣ ಎಂದ. ಬಾಯ್ಲರ್ ಮನೆಯವರು, ನೂಲಿಗೆ ಬಣ್ಣ ಹಾಕುವವರು, ಎಲ್ಲರೂ ಹೆಸರು ಕೊಟ್ಟರು. ಅಕ್ಕನೂ ಕೊಟ್ಟಳು, ಜೊತೆಗೆ ಅವಳ ವಿಭಾಗದ ಆರು ಹೆಂಗಸರು.

"ಹೆಂಗಸರೆಲ್ಲ ಬೇಡ ಅಕ್ಕ, ನೋಡಿದವರು ನಗ್ತಾರೆ."

ಅಕ್ಕನ ಮುಖ ಕೆಂಪಾಯಿತು. "ನಿನ್ನ ಹೊರಗೆ ಹಾಕಿ ಇನ್ನೂ ವಾರ ಆಗಿಲ್ಲ. ಅಷ್ಟರಲ್ಲಿ ನೀನೂ ಕಾರ್ಯದರ್ಶಿ ಆಗ್ಬಿಟ್ಯಾ?"

ಅವನು ಏಳು ಹೆಸರನ್ನೂ ತಾನೇ ಬರೆದುಕೊಂಡ. ಓಟದ ದಿನ ನಕ್ಕವರು ನಕ್ಕರು. ನಕ್ಕವರಲ್ಲೇ ಎಷ್ಟೋ ಜನರನ್ನು ಹಿಂದೆ ಹಾಕಿ ಅಕ್ಕ ಹನ್ನೊಂದನೆಯವಳಾಗಿ ಬಂದಳು.

ಒಂಬತ್ತು ವರ್ಷದ ಮೇಲೆ ಕ್ಲಬ್ಬಿನವರು ಆ ನಿಯಮ ತೆಗೆದುಹಾಕಿ, ಬಹುಮಾನ ಹಂಚಲು ಅವನನ್ನೇ ಕರೆದರು. ಅಷ್ಟರಲ್ಲಿ ಅವನ ಮಂಡಿ ಸವೆದಿತ್ತು. ಕುಂಟುತ್ತ ಹೋಗಿ, ವೇದಿಕೆ ಹತ್ತುವ ಮೊದಲು ಕೇಳಿದ: "ಆ ವರ್ಷ ಗೆದ್ದವರ ಪಟ್ಟಿ ತಿದ್ದಿದ್ದೀರಾ?"

"ಹಳೇದೆಲ್ಲ ಈಗ್ಯಾಕೆ ಯಜಮಾನ್ರೇ, ಮರೆತುಬಿಡಿ."

"ಮರೆಯೋಕೆ ನನ್ನನ್ನ ಕರೆಸಬೇಕಿತ್ತಾ?" ಎಂದವನು ಹೊರಗೆ ಬಂದ. ಬಹುಮಾನಗಳು ಮೇಜಿನ ಮೇಲೆಯೇ ಉಳಿದವು.