ಮಗ್ಗದ ಶೆಡ್ಡಿನ ಮರಳುಂಡೆ

ಹಗುರವಾದದ್ದು ಮೇಲೇರುತ್ತದೆ, ಭಾರವಾದದ್ದು ಕೆಳಗುಳಿಯುತ್ತದೆ. ಇದು ಸೃಷ್ಟಿಯ ನಿಯಮ. ಇಚಲಕರಂಜಿಯಲ್ಲಿ ನಾನು ನಿಲ್ಲಿಸಿದ್ದ ಕೊಳವೆಗೆ ಮಾತ್ರ ಈ ಸುದ್ದಿ ಮುಟ್ಟಿರಲಿಲ್ಲ.

ಎರಡಾಳೆತ್ತರದ ಪಾರದರ್ಶಕ ಕೊಳವೆ. ಬುಡದಲ್ಲಿ ಬ್ಲೋವರ್ ಗಾಳಿ ಊದಿದರೆ ಮರಳು ಮೇಲೇರಬೇಕು, ತುದಿಯಲ್ಲಿ ಗಾಳಿಯಿಂದ ಬೇರ್ಪಟ್ಟು ಪಕ್ಕದ ಸಣ್ಣ ಕೊಳವೆಯಿಂದ ಮತ್ತೆ ಬುಡಕ್ಕೆ ಬರಬೇಕು. ಕೆಲವು ದೊಡ್ಡ ಬಾಯ್ಲರುಗಳಲ್ಲಿ ಕಲ್ಲಿದ್ದಲು ಉರಿಯುವುದೂ ಹೀಗೆಯೇ. ದಪ್ಪ ಕಣ, ಸಣ್ಣ ಕಣ ಬೆರೆತಾಗ ಯಾವುದು ಎಲ್ಲಿ ಸೇರುತ್ತದೆ ಎಂಬುದು ನನ್ನ ಪಿಎಚ್‌ಡಿ ವಿಷಯ. ಗಡಹಿಂಗ್ಲಜದ ಹೊಳೆಮರಳನ್ನು ಜರಡಿ ಹಿಡಿದು, ದಪ್ಪನೆಯದಕ್ಕೆ ನೂಲಿನ ನೀಲಿ ಬಣ್ಣ ಹಾಕಿಸಿದ್ದೆ. ಕೊಲ್ಹಾಪುರದ ನಮ್ಮ ಕಾಲೇಜಿನ ಚಾವಣಿ ಗಿಡ್ಡ. ಹಾಗಾಗಿ ಕೊಳವೆ ಇಚಲಕರಂಜಿಯ ಚಿಗವ್ವನ ಮಗ್ಗದ ಶೆಡ್ಡಿನ ಮೂಲೆ ಸೇರಿತ್ತು.

ಅಲ್ಲಿ ಅದ್ಭುತ ನಡೆಯಿತು. ಸಣ್ಣ ಬಿಳಿ ಮರಳು ಉಂಡೆಯುಂಡೆಯಾಗಿ ಗೋಡೆಗುಂಟ ಜಾರಿ ಬುಡ ಸೇರತೊಡಗಿತು. ದಪ್ಪ ನೀಲಿ ಮರಳು ನಡುವಿನಿಂದ ಮೇಲಕ್ಕೋಡುತ್ತಿತ್ತು. ಕಣಗಳು ಗೋಡೆಯ ಬಳಿ ಗುಂಪುಗೂಡುವುದು ಗೊತ್ತಿದ್ದದ್ದೇ; ಇಷ್ಟು ತಲೆಕೆಳಗಾಗಿ ಎಂದು ಯಾರೂ ಬರೆದಿರಲಿಲ್ಲ. ನಾನು ಪ್ರಬಂಧದಲ್ಲಿ ಒಂದು ಅಧ್ಯಾಯವನ್ನೇ ಬರೆದೆ. ಊಟದ ನಡುವೆ ಎದ್ದು ಕೊಳವೆ ನೋಡಿ ಬರುತ್ತಿದ್ದೆ. ಮಾರ್ಗದರ್ಶಕರು ಕಣ್ಣಾರೆ ಕಂಡು ಆ ಅಧ್ಯಾಯಕ್ಕೆ ರುಜು ಹಾಕಬೇಕಿತ್ತು. ಪ್ರಬಂಧ ಸಲ್ಲಿಸಲು ಆ ತಿಂಗಳು ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು.

ಮಗ್ಗದ ಗದ್ದಲದಲ್ಲಿ ಅವರಿಗೆ ನನ್ನ ವಿವರಣೆ ಕೇಳಿಸದೆಂದು ವಾರದ ರಜೆಯ ದಿನವೇ ಕರೆಸಿದೆ. ಗೌರವಾರ್ಥ ಶೆಡ್ಡು ಗುಡಿಸಿ, ಕೊಳವೆ ತೊಳೆದು, ಹೊಸ ಮರಳು ತುಂಬಿದೆ. ಬ್ಲೋವರ್ ಹಾಕಿದೆ. ಬಿಳಿ ಮರಳು ವಿನಯದಿಂದ ಮೇಲೇರಿತು, ನೀಲಿ ಬುಡದಲ್ಲೇ ಕುದಿಯಿತು.

"ಇದು ಎಲ್ಲಾ ಪುಸ್ತಕದಾಗೂ ಐತಲ್ಲೋ ಮಾರಾಯಾ," ಎಂದರು ಮಾರ್ಗದರ್ಶಕರು. "ಹೊಸಾದ ಎಲ್ಲೈತಿ?"

"ತಡೀರಿ ಸರ್, ಈಗ ಬರ್ತೈತ್ರಿ."

ಗಾಳಿ ಹೆಚ್ಚಿಸಿದೆ, ಇಳಿಸಿದೆ, ಕೊಳವೆಗೆ ಗುದ್ದಿದೆ, ಸುತ್ತು ಹಾಕಿದೆ. ಚಹಾ ತಂದ ಚಿಗವ್ವ, "ಕುಂದ್ರೋ ಒಂದೀಟ. ನಿನ್ನ ನೋಡಿ ನಮಗ ತಲಿ ತಿರಗಾಕತ್ತೈತಿ," ಎಂದಳು.

"ನಿನ್ನೆ ಬೀಳತಿದ್ದ ಉಂಡಿ ಇವತ್ತ ಬೀಳವಲ್ವು ಚಿಗವ್ವಾ."

"ಮಗ್ಗ ಬಂದ್ ಅದಾವಲ್ಲೋ! ಹತ್ತಿ ಧೂಳ ಹಾರಲಿಲ್ಲಂದ್ರ ಉಂಡಿ ಎಲ್ಲಿಂದ ಬರಬೇಕು?"

ಡಬ್ಬಿಯಲ್ಲಿ ತೆಗೆದಿಟ್ಟಿದ್ದ ಹಳೆಯ ಮರಳಿನಿಂದ ಒಂದು ಉಂಡೆ ಹುಡುಕಿ ಒಡೆದೆ. ಒಳಗೆ ಹತ್ತಿಯ ಎಳೆ. ಬ್ಲೋವರು ಶೆಡ್ಡಿನ ಹತ್ತಿಧೂಳನ್ನು ಎಳೆದುಕೊಂಡು, ಸಣ್ಣ ಮರಳಿಗೆ ಅಂಟಿಸಿ ಉಂಡೆ ಕಟ್ಟಿ, ಗೋಡೆಗುಂಟ ಜಾರುವ ಉಂಡೆಗಳ ನಡುವೆ ಗಾಳಿ ಬಿರುಸಾಗಿ ನೀಲಿ ಮೇಲೇರುವಂತೆ ಮಾಡಿ, ನನಗೆ ಸಂಶೋಧನೆ ಮಾಡಿಕೊಟ್ಟಿತ್ತು.

ಚಿಗವ್ವನಿಗೆ ಮರುಕ ಬಂತು. "ನಾಕ ಮಗ್ಗ ಚಾಲೂ ಮಾಡ್ಲೇನ್ರಿ ಸಾಹೇಬ್ರ? ಪಾಪ, ಹುಡುಗ ಭಾಳ ಕಷ್ಟಪಟ್ಟಾನ."

ತಲೆ ಅರ್ಧ ನರೆತ ಆ ಹುಡುಗ, ಅಂದರೆ ನಾನು, ಆಸೆಯಿಂದ ಮಾರ್ಗದರ್ಶಕರ ಮುಖ ನೋಡಿದೆ.

"ಬ್ಯಾಡ್ರಿ ಅಕ್ಕಾರ," ಎಂದರು ಮಾರ್ಗದರ್ಶಕರು, ಚಹಾ ಹೀರುತ್ತ. "ಆಮ್ಯಾಲ ಪದವಿ ನಿಮಗ ಕೊಡಬೇಕಾಕ್ಕೈತಿ."

ಬ್ಲೋವರಿನ ಬಾಯಿಗೆ ಬಟ್ಟೆ ಕಟ್ಟಿ ಎಲ್ಲ ಪ್ರಯೋಗಗಳನ್ನೂ ಮೊದಲಿನಿಂದ ಮಾಡಿದೆ. ಆ ಅಧ್ಯಾಯ ಕೈಬಿಟ್ಟೆ. ಪ್ರಬಂಧ ಒಂದು ವರ್ಷ ತಡವಾಗಿ ಸಲ್ಲಿಕೆಯಾಯಿತು.