ರಾಗಿ ಡಬ್ಬದಲ್ಲಿ ಫೋನು

ರಾಗಿ ತುಂಬಿದ ಡಬ್ಬದೊಳಗೆ ಫೋನು ನಡುಗಿದರೆ ಎಂಥ ಸದ್ದು ಬರುತ್ತದೆ ಅಂತ ನನಗೆ ಎಪ್ಪತ್ತನಾಲ್ಕನೇ ವಯಸ್ಸಿನವರೆಗೂ ಗೊತ್ತಿರಲಿಲ್ಲ. ಒಳಗೆ ಯಾರೋ ಬಾಯಿ ಮುಚ್ಚಿಕೊಂಡು ಹಲ್ಲು ಕಡಿಯುತ್ತಿರುವ ಹಾಗೆ. ಮುಚ್ಚಳ ಸಡಿಲವಿದ್ದರೆ ಅದೂ ಜೊತೆಗೂಡಿ ಕಿಣಿಕಿಣಿ ಅನ್ನುತ್ತಿತ್ತು. ಆಮೇಲೆ ನಿಲ್ಲುತ್ತಿತ್ತು. ನಾನು ಹತ್ತು ಎಣಿಸುವಷ್ಟರಲ್ಲಿ ಮತ್ತೆ ಶುರು.

ಕರೆಂಟು ಇದ್ದಾಗ ಅದು ಕೇಳುತ್ತಲೇ ಇರಲಿಲ್ಲ. ಹಿಂದೂಪುರದ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಆರಕ್ಕೆ ಪವರ್‌ಲೂಮುಗಳು ಹೊರಟವೆಂದರೆ ಪಕ್ಕದಲ್ಲಿ ಕೂತವರ ಮಾತೂ ಕೇಳದು. ನಾನಿರುವುದು ಮಹಡಿ ಮೇಲೆ, ಕೆಳಗೆ ನನ್ನ ತಮ್ಮನ ಮಕ್ಕಳ ನಾಲ್ಕು ಮಗ್ಗ. ಮಗ್ಗದ ಗದ್ದಲ ನನಗೆ ತೊಟ್ಟಿಲಿನಿಂದಲೂ ಅಭ್ಯಾಸ. ಭಯವಾಗುತ್ತಿದ್ದದ್ದು ಕರೆಂಟು ಹೋದಾಗ. ಬೀದಿಯ ಮಗ್ಗಗಳೆಲ್ಲ ಒಟ್ಟಿಗೇ ನಿಂತುಬಿಟ್ಟ ಕೂಡಲೇ ಅಡುಗೆಮನೆಯಿಂದ ಆ ಡಬ್ಬ ಕೇಳಿಸುತ್ತಿತ್ತು. ಅಂದರೆ ಅದು ಬೆಳಗಿನಿಂದಲೂ ಹಲ್ಲು ಕಡಿಯುತ್ತಲೇ ಇತ್ತು, ನಾನು ಅದರ ಪಕ್ಕದಲ್ಲೇ ನಿಂತು ಸಾರು ಕುದಿಸುತ್ತಿದ್ದೆ.

ಫೋನು ನನ್ನ ತಂಗಿಯ ಮೊಮ್ಮಗಳದು. ಲೇಪಾಕ್ಷಿ ಕಡೆಯ ಹುಡುಗಿ, ಎಂಎಸ್ಸಿ ಕೆಮಿಸ್ಟ್ರಿ, ಫಸ್ಟ್ ಕ್ಲಾಸ್. ಹಿಂದೂಪುರದ ಒಂದು ಲ್ಯಾಬಿನಲ್ಲಿ ಕೂತು ಊರವರ ರಕ್ತದ ರಿಪೋರ್ಟು ಟೈಪ್ ಮಾಡುತ್ತಿದ್ದಳು. ಬೆಳಗಿನ ಬಸ್ಸನ್ನು ನಂಬಿಕೊಂಡರೆ ಲೇಟಾಗುತ್ತದೆಂದು ನನ್ನ ಜೊತೆಗಿದ್ದಳು. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳಾದ್ದರಿಂದ ನಾನು ಮನೆಮಂದಿಗೆಲ್ಲ ಮಿಸ್ಸು, ಅವಳಿಗೆ ಮಿಸ್ಸಜ್ಜಿ.

ಲ್ಯಾಬಿಗೆ ಹೊರಡುವಾಗ ಫೋನನ್ನು ಹಳೇ ಬಟ್ಟೆಯಲ್ಲಿ ಸುತ್ತಿ ರಾಗಿಯೊಳಗೆ ಹೂತು ಹೋಗುತ್ತಿದ್ದಳು. ಮೊದಲ ಸಲ ಅದು ನನ್ನ ಕೈಗೆ ಸಿಕ್ಕಿದ್ದು ಮಿಲ್ಲಿಗೆ ಕಳಿಸಲು ರಾಗಿ ಅಳೆಯುವಾಗ. ಇಲಿ ಅಂದುಕೊಂಡು ಸೇರನ್ನೇ ಎಸೆದುಬಿಟ್ಟೆ. ಸಂಜೆ ಕೇಳಿದರೆ, ಲ್ಯಾಬಿನವರ ಕಾಟ, ಎತ್ತಬೇಡಿ ಅಂದಳು. ಲ್ಯಾಬಿನಲ್ಲೇ ಕೂತವಳಿಗೆ ಲ್ಯಾಬಿನವರು ಯಾಕೆ ಫೋನು ಮಾಡುತ್ತಾರೆ ಅಂತ ನಾನು ಕೇಳಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಮ್ಯಾನರ್ಸು: ಇನ್ನೊಬ್ಬರ ಕಾಗದ ಓದಬಾರದು, ಇನ್ನೊಬ್ಬರ ದುಡ್ಡಿನ ವಿಷಯ ಕೇಳಬಾರದು. ಹತ್ತು ದಿನ ಮ್ಯಾನರ್ಸು ಪಾಲಿಸಿದೆ.

ಆಮೇಲೆ ಅವಳೇ ಹೇಳಿದಳು. ಅವರೆಕಾಯಿ ಬಿಡಿಸುತ್ತಾ, ಕಾಯಿಯನ್ನೇ ನೋಡುತ್ತಾ.

ಸರ್ಕಾರದಿಂದ ಬರಬೇಕಾದ ಫೀಸು ಬರಲಿಲ್ಲವೆಂದು ಕಾಲೇಜಿನವರು ಅವಳ ಒರಿಜಿನಲ್ ಸರ್ಟಿಫಿಕೇಟುಗಳನ್ನು ಹಿಡಿದಿಟ್ಟುಕೊಂಡಿದ್ದರಂತೆ. ಸರ್ಟಿಫಿಕೇಟ್ ಇಲ್ಲದೆ ಒಳ್ಳೆ ಕೆಲಸವಿಲ್ಲ, ಕೆಲಸವಿಲ್ಲದೆ ಫೀಸಿಲ್ಲ. ಫೋನಿನಲ್ಲಿ ಒಂದು ಆ್ಯಪು ಐದೇ ನಿಮಿಷಕ್ಕೆ ಸಾಲ ಕೊಟ್ಟಿತು. ಕೊಡುವಾಗ ಅವಳ ಫೋಟೊ, ಆಧಾರ್ ಕಾರ್ಡು, ಫೋನಿನೊಳಗಿದ್ದ ಎಲ್ಲರ ನಂಬರು, ಎಲ್ಲವನ್ನೂ ತೆಗೆದುಕೊಂಡಿತು. ವಾರಕ್ಕೆ ತೀರಿಸಬೇಕು. ಆಗಲಿಲ್ಲ. ಅದನ್ನು ತೀರಿಸಲು ಇನ್ನೊಂದು ಆ್ಯಪು, ಅದಕ್ಕೆ ಮತ್ತೊಂದು. ಹೀಗೆ ನಾಲ್ಕು. ಬಡ್ಡಿ ಮೊದಲೇ ಮುರಿದುಕೊಂಡು ಕೊಡುವುದರಿಂದ ಪ್ರತಿ ಸಲವೂ ಕೈಗೆ ಬರುವುದು ಕಮ್ಮಿ, ಕಟ್ಟಬೇಕಾದ್ದು ಜಾಸ್ತಿ. ಸರ್ಟಿಫಿಕೇಟೇನೋ ಬಂದಿತ್ತು, ಪ್ಲಾಸ್ಟಿಕ್ ಫೈಲಿನಲ್ಲಿ ಅವಳ ದಿಂಬಿನಡಿ ಇತ್ತು.

"ಮಗ್ಗ ಬದ್ಲಾಯಿಸ್ದಂಗೆ ಅಂದ್ಕಂಡೆ ಮಿಸ್ಸಜ್ಜಿ," ಅಂದಳು. "ನಮ್ಮಪ್ಪ ಮಾಡ್ತಿರ್ಲಿಲ್ವಾ, ಹಂಗೇ."

ಈ ಮಾತು ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳಬೇಕು. ನನ್ನ ತಂದೆ ಸೀರೆ ಸಾವ್ಕಾರರು. ರೇಷ್ಮೆ ಕೊಟ್ಟು ಇಪ್ಪತ್ತು ಮನೆಗಳಲ್ಲಿ ನೇಯಿಸುತ್ತಿದ್ದರು. ಪ್ರತಿ ನೇಕಾರನ ಮೇಲೂ ಮುಂಗಡದ ಬಾಕಿ. ಬಾಕಿ ಇರುವವರೆಗೂ ಅವನು ಅಪ್ಪನ ಮಗ್ಗದವನು. ಬೇರೆ ಸಾವ್ಕಾರನ ಹತ್ತಿರ ಹೋಗಬೇಕೆಂದರೆ ಆ ಹೊಸಬ ಹಳೇ ಬಾಕಿ ತೀರಿಸಿ ಕರೆದುಕೊಂಡು ಹೋಗಬೇಕು. ಪೂರ್ತಿ ತೀರಿಸಲಾಗದಿದ್ದರೆ ಮನೆಯ ಹಿರಿಯರೊಬ್ಬರು ನಮ್ಮ ಜಗಲಿಗೆ ಬಂದು, ಇವನು ಇಂಥ ಊರಲ್ಲಿ ಇಂಥವರ ಮಗ್ಗದಲ್ಲಿ ಇರುತ್ತಾನೆ, ನಾನು ಜವಾಬ್ದಾರಿ ಅಂತ ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಮುಗಿಯಿತು. ಜಾಗ ಹೇಳಿ ಹೋದವನ ಹಿಂದೆ ಅಪ್ಪ ಯಾವತ್ತೂ ಜನ ಕಳಿಸಲಿಲ್ಲ. ಜಾಗ ಹೇಳದೆ ಹೋದವನು ಮಾತ್ರ ಕಳ್ಳ. ಬಾಕಿ ತೀರಿದ ದಿನ ಅಪ್ಪ ಎಲೆಅಡಿಕೆ ಕೊಡುತ್ತಿದ್ದರು. ಅದನ್ನು ತೆಗೆದುಕೊಂಡವನು ಮೆಟ್ಟಿಲು ಇಳಿಯುವಾಗ ತಿರುಗಿ ನೋಡಬಾರದಿತ್ತು. ನೋಡಿದರೆ ಸಾಲ ಮತ್ತೆ ಹಿಂದೆ ಬರುತ್ತದಂತೆ. ಲಂಗ ಹಾಕಿಕೊಂಡು ಕಂಬದ ಮರೆಯಲ್ಲಿ ನಿಂತು, ಯಾರಾದರೂ ಮರೆತು ತಿರುಗುತ್ತಾರಾ ಅಂತ ಕಾಯುತ್ತಿದ್ದೆ. ಸಿಲ್ಲಿ ಹುಡುಗಿ.

ಅವಳ ತಂದೆಯೂ ಹಾಗೆ ಮಗ್ಗ ಬದಲಾಯಿಸಿಕೊಂಡು ಬಂದ ನೇಕಾರನೇ. ಒಬ್ಬರಿಂದ ಇನ್ನೊಬ್ಬರಿಗೆ ಬಾಕಿ ದಾಟಿಸುವುದರಲ್ಲಿ ನಮ್ಮ ಮನೆಗಳಲ್ಲಿ ಯಾರಿಗೂ ಅಪಾಯ ಕಂಡಿರಲಿಲ್ಲ.

ಅಲ್ಲಿಂದ ನಾಲ್ಕು ತಿಂಗಳು ಅವಳು ಸಾಲ ತೀರಿಸಿದ್ದನ್ನು ನಾನು ಕಣ್ಣಾರೆ ನೋಡಿದೆ. ಲ್ಯಾಬು ಮುಗಿಸಿ ಎರಡು ಮನೆಯಲ್ಲಿ ಟ್ಯೂಷನ್, ಭಾನುವಾರ ಸೀರೆಗಳಿಗೆ ಕುಚ್ಚು ಕಟ್ಟುವುದು. ಆಟೋ ಬಿಟ್ಟಳು, ಸಂಜೆಯ ಟೀ ಬಿಟ್ಟಳು. ಕಿವಿಯ ಓಲೆ ಮಾರಿ ಬೇವಿನ ಕಡ್ಡಿ ಚುಚ್ಚಿಕೊಂಡಳು. ಅಲರ್ಜಿ ಅಂತ ಎಲ್ಲರಿಗೂ ಹೇಳಿದಳು. ನನ್ನ ಪೆನ್ಷನ್ನಿನಲ್ಲಿ ಎರಡು ಸಲ ತೆಗೆದುಕೊಂಡಳು. ಮೂರನೇ ಸಲ ಕೊಡಹೋದರೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಳು.

ಮೂರು ಆ್ಯಪು ಮುಚ್ಚಿದವು. ಉಳಿದದ್ದು ಒಂದೇ, ಆದರೆ ಕೆಟ್ಟದ್ದು ಅದೇ. ಒಂದು ದಿನ ಅವರು ಅವಳಿಗೆ ಒಂದು ಪಟ್ಟಿ ಕಳಿಸಿದರು. ಅವಳಪ್ಪ, ಅಮ್ಮ, ಸೋದರಮಾವ, ಕಾಲೇಜಿನ ಲೆಕ್ಚರರು, ಹಾಲಿನವನು, ಎಲ್ಲರ ಹೆಸರು ನಂಬರು ಸಾಲಾಗಿ. ಇವರಿಗೆಲ್ಲ ತಿಳಿಸೋಣವೇ ಅಂತ ಕೆಳಗೆ ಒಂದೇ ಸಾಲು. ಪಟ್ಟಿಯಲ್ಲಿ ಎಂಟನೆಯ ಹೆಸರು ನನ್ನದು.

ಮೇ ತಿಂಗಳಲ್ಲಿ ಕಲ್ಯಾಣದುರ್ಗದ ಒಂದು ಪ್ರೈವೇಟ್ ಸ್ಕೂಲಿನಲ್ಲಿ ಅವಳಿಗೆ ಟೀಚರ್ ಕೆಲಸ ಸಿಕ್ಕಿತು. ಹುಡುಗಿಯರ ಹಾಸ್ಟೆಲ್ಲನ್ನೂ ನೋಡಿಕೊಂಡರೆ ಊಟ, ರೂಮು ಅವರದೇ. ಸಂಬಳ ಹಾಗೇ ಉಳಿಯುತ್ತದೆ, ದಸರೆ ಹೊತ್ತಿಗೆ ಕೊನೆಯ ಸಾಲವೂ ತೀರುತ್ತದೆ. ಒಂದೇ ಮಾತು, ಸಾಲದ ವಿಷಯ ಅಲ್ಲಿ ಯಾರಿಗೂ ಗೊತ್ತಾಗಬಾರದು. ಹೊಸ ಸಿಮ್ಮು, ಸೆಕೆಂಡ್ ಹ್ಯಾಂಡ್ ಫೋನು ತೆಗೆದುಕೊಂಡಳು. ಹಳೇದನ್ನು ಚಾರ್ಜಿಗೆ ಹಾಕಿ ಹಾಕಿ ಜೀವಂತ ಇಡಲು ನನಗೆ ಹೇಳಿದಳು. ಆಫ್ ಮಾಡಿದರೆ ಓಡಿಹೋದಳೆಂದು ಎಲ್ಲರಿಗೂ ಫೋಟೊ ಕಳಿಸುತ್ತಾರಂತೆ.

"ಅದು ಅಲ್ಲೇ ಬಡ್ಕಂಡಿರ್ಲಿ ಮಿಸ್ಸಜ್ಜಿ, ನೀವು ಎತ್ಬೇಡಿ. ಒಂದನೇ ತಾರೀಕು ನಾನೇ ದುಡ್ಡು ಹಾಕ್ತೀನಿ. ಬತ್ತೀನಿ," ಅಂದು ಬ್ಯಾಗು ಎತ್ತಿಕೊಂಡಳು.

ನಾನು ಎತ್ತಲಿಲ್ಲ. ದೇವರಾಣೆ, ಒಂದು ಸಲವೂ ಎತ್ತಲಿಲ್ಲ.

ಅವಳು ಹೋಗಿ ಎರಡು ವಾರ ಆಗಿರಬೇಕು. ಮಧ್ಯಾಹ್ನ ಕರೆಂಟು ಹೋಯಿತು. ಬೀದಿ ಸುಮ್ಮನಾಯಿತು. ನಾನು ಡಬ್ಬದ ಕಡೆ ಕಿವಿಯಿಟ್ಟೆ. ಏನೂ ಇಲ್ಲ. ಇಷ್ಟು ತಿಂಗಳಲ್ಲಿ ಅದು ಹಾಗೆ ಸುಮ್ಮನಿದ್ದದ್ದು ಅದೇ ಮೊದಲು. ಏನಾಯಿತೆಂದು ಎದ್ದು ನೋಡಬೇಕು ಅನ್ನುವಷ್ಟರಲ್ಲಿ, ಮಂಚದ ಮೇಲೆ, ನನ್ನ ಕೈಯ ಪಕ್ಕದಲ್ಲೇ, ನನ್ನ ಫೋನು ಹೊಡೆದುಕೊಂಡಿತು.

ಹೆಣ್ಣು ದನಿ. ನಯವಾದ ತೆಲುಗು. ಊಟ ಆಯಿತಾ ಅಮ್ಮಾ, ನಿಮ್ಮ ವಯಸ್ಸಿನವರಿಗೆ ತೊಂದರೆ ಕೊಡಲು ನಮಗೂ ಇಷ್ಟವಿಲ್ಲ ಅಂದಿತು. ನಿಮ್ಮ ಹುಡುಗಿ ಸಾಲ ತೆಗೆದುಕೊಂಡು ಪರಾರಿ, ಅಬ್ಸ್ಕಾಂಡಿಂಗ್ ಅಂತ ಬರೆದುಕೊಳ್ಳಬೇಕಾಗುತ್ತದೆ ಅಂದಿತು. ಆ ಪದ ನನ್ನನ್ನು ಚುಚ್ಚಿತು. ನಾನು ನೆಟ್ಟಗೆ ಕೂತೆ. ಕಾನ್ವೆಂಟಿನ ಎಲೊಕ್ಯೂಷನ್ ಸ್ಪರ್ಧೆಯಲ್ಲಿ ಪ್ರೈಜು ತೆಗೆದುಕೊಂಡವಳು ನಾನು.

"ಶಿ ಈಸ್ ನಾಟ್ ಅಬ್ಸ್ಕಾಂಡಿಂಗ್," ಅಂದೆ. ಅವಳು ಇರುವ ಊರು, ಸ್ಕೂಲಿನ ಹೆಸರು, ಯಾವ ರಸ್ತೆ, ಸಂಬಳ ಯಾವ ತಾರೀಕು, ಎಲ್ಲ ಇಂಗ್ಲಿಷಿನಲ್ಲಿ, ಸ್ಪೆಲ್ಲಿಂಗ್ ಸಮೇತ ಹೇಳಿದೆ. ನಾನು ಅವಳ ಹಿರಿಯಳು, ನಾನು ಜವಾಬ್ದಾರಿ ಅಂದೆ. ಅಪ್ಪನ ಜಗಲಿಯಲ್ಲಿ ಹಿರಿಯರು ಆಡುತ್ತಿದ್ದ ಮಾತನ್ನೇ ನಾನೂ ಆಡಿದ್ದು.

"ಥ್ಯಾಂಕ್ಯೂ ಮೇಡಂ," ಅಂದಿತು ಆ ದನಿ. "ಯುವರ್ ಇಂಗ್ಲಿಷ್ ಈಸ್ ವೆರಿ ಗುಡ್."

ನನಗೆ ಸಂತೋಷವಾಯಿತು. ಸುಳ್ಳು ಯಾಕೆ, ಅವತ್ತು ನನಗೆ ಸಂತೋಷವೇ ಆಗಿತ್ತು. ಕಾಫಿ ಮಾಡಿಕೊಂಡು ಕುಡಿದೆ. ಮೂರು ದಿನ ಡಬ್ಬವೂ ಉಸಿರೆತ್ತಲಿಲ್ಲ. ಹೇಳುವವರು ಹೇಳಿದರೆ ಯಾರಾದರೂ ಕೇಳುತ್ತಾರೆ ಅಂದುಕೊಂಡೆ.

ನಾಲ್ಕನೇ ದಿನ ನನ್ನ ಫೋನಿಗೆ ಒಂದು ಫೋಟೊ ಬಂತು. ಡಿಗ್ರಿ ಗೌನು ಹಾಕಿಕೊಂಡು ಅವಳು ನಗುತ್ತಿದ್ದ ಫೋಟೊ. ಹಣೆಯ ಮೇಲೆ ತೆಲುಗಿನ ಕೆಂಪು ಅಕ್ಷರದಲ್ಲಿ ದೊಂಗ, ಕಳ್ಳಿ ಅಂತ. ಕೆಳಗೆ ಸ್ಕೂಲಿನ ಹೆಸರು, ನಾನು ಬಿಡಿಸಿ ಹೇಳಿದ್ದ ಸ್ಪೆಲ್ಲಿಂಗಿನಲ್ಲೇ, ಒಂದಕ್ಷರ ತಪ್ಪಿಲ್ಲದೆ. ಅದು ಸ್ಕೂಲಿನ ಪೇರೆಂಟ್ಸ್ ಗ್ರೂಪಿಗೂ ಹೋಗಿತ್ತು. ಸಂಜೆ ಅವಳೇ ಫೋನು ಮಾಡಿ, ಸ್ಕೂಲಿನವರು ನಾಳೆಯಿಂದ ಬರಬೇಡ ಅಂದರು ಅಂತ ಹೇಳಿದಳು. ದನಿಯಲ್ಲಿ ಅಳುವಿರಲಿಲ್ಲ. ಮಾತ್ರೆ ತಗೊಂಡಿರಾ ಅಂತ ನನ್ನನ್ನು ಕೇಳಿದಳು.

ಮಾರನೇ ದಿನ ಬೆಳಿಗ್ಗೆ ಎರಡು ಬಳೆ ಮಾರಿ, ದುಡ್ಡು ಸೊಂಟಕ್ಕೆ ಸಿಕ್ಕಿಸಿಕೊಂಡು, ಡಬ್ಬದ ಫೋನನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಪಾವಗಡದಲ್ಲಿ ಇಳಿದು ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಗುಡ್ಡಗಳ ಮೇಲೆ ಗಾಳಿಯಂತ್ರದ ರೆಕ್ಕೆಗಳು. ಒಂದೂ ತಿರುಗುತ್ತಿರಲಿಲ್ಲ.

ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಅವಳು ಕಾಯುತ್ತಿದ್ದಳು. ತೆಳ್ಳಗಾಗಿದ್ದಳು, ಕಿವಿಯ ಬೇವಿನ ಕಡ್ಡಿ ಹಾಗೇ ಇತ್ತು. ದುಡ್ಡು ಕೊಟ್ಟೆ. ಬೇಡ ಅನ್ನಲಿಲ್ಲ, ಅದು ನನಗೆ ಹೆಚ್ಚು ಹೆದರಿಕೆ ತಂದಿತು. ಎದುರಿನ ಮೊಬೈಲ್ ಅಂಗಡಿಯವನಿಗೆ ಎಣಿಸಿ ಕೊಟ್ಟು ಕೊನೆಯ ಸಾಲ ಪೂರ್ತಿ ಕಟ್ಟಿಸಿದಳು. ನಾನು ತಂದಿದ್ದ ಹಳೇ ಫೋನಿಗೆ ಸಾಲ ಮುಕ್ತಾಯ, ಅಭಿನಂದನೆ ಅಂತ ಮೆಸೇಜು ಬಂತು. ಅದರ ಹಿಂದೆಯೇ ಇನ್ನೊಂದು: ಇನ್ನೂ ದೊಡ್ಡ ಸಾಲಕ್ಕೆ ನೀವು ಅರ್ಹರು. ಅವಳು ಎರಡನ್ನೂ ನನಗೆ ತೋರಿಸಿದಳು.

ಆಮೇಲೆ ಕಲ್ಲುಬೆಂಚಿನ ಮೇಲೆ ಕೂತು ಕೇಳಿದಳು. "ಅವ್ರಿಗೆ ಈ ಸ್ಕೂಲು ಹೆಂಗೆ ಗೊತ್ತಾಯ್ತು ಮಿಸ್ಸಜ್ಜಿ?"

"ನಾನೇ ಹೇಳ್ದೆ ಕಣಮ್ಮ. ನನ್ನ ಫೋನಿಗೆ ಮಾಡಿದ್ರು. ಜಾಗ ಹೇಳ್ದೆ ಹೋದೋಳು ಅಂತ ನಿನ್ನ ಅನ್ಬಾರ್ದು ಅಂತ..."

ಒಂದು ಬಸ್ಸು ಬಂದು, ತುಂಬಿಕೊಂಡು, ಹೊರಟು ಹೋಯಿತು.

"ಇಂಗ್ಲಿಷಲ್ಲಿ ಹೇಳಿದ್ರಾ?"

"ಹೂಂ."

"ಹಂಗಾದ್ರೆ ಗ್ರಾಮರ್ ಕರೆಕ್ಟಾಗೇ ಇತ್ತು ಬಿಡಿ," ಅಂದು ಸ್ವಲ್ಪ ನಕ್ಕಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮನೆಗೆ ಹೋಗೋಣ ನಡಿ ಅಂದೆ. ಬರಲಾಗುವುದಿಲ್ಲ ಅಂದಳು. ಕೆಲಸಕ್ಕೆ ಸೇರುವಾಗ ಸ್ಕೂಲಿನವರೂ ಅವಳ ಒರಿಜಿನಲ್ ಸರ್ಟಿಫಿಕೇಟುಗಳನ್ನು ತೆಗೆದಿಟ್ಟುಕೊಂಡಿದ್ದರು. ವರ್ಷ ಮುಗಿಯದೆ ಹೋಗುವವರು ಎರಡು ತಿಂಗಳ ಸಂಬಳ ಕಟ್ಟಿ ಬಿಡಿಸಿಕೊಳ್ಳಬೇಕು. ಅವರೇ ತೆಗೆದು ಹಾಕಿದರೂ ಅದೇ ರೂಲಂತೆ. ಕೇಳಿ ನೋಡುತ್ತೇನೆ, ಸಿಕ್ಕ ಮೇಲೆ ಬರುತ್ತೇನೆ ಅಂದಳು. ನನ್ನ ಸೊಂಟದಲ್ಲಿ ಬಸ್ಸಿನ ದುಡ್ಡು ಬಿಟ್ಟರೆ ಏನೂ ಉಳಿದಿರಲಿಲ್ಲ.

ಆ ಸರ್ಟಿಫಿಕೇಟುಗಳು ಅವಳಿಗೆ ಸಿಕ್ಕವೋ ಇಲ್ಲವೋ ನನಗೆ ತಿಳಿಯದು. ಎರಡು ತಿಂಗಳಿಗೋ ಮೂರು ತಿಂಗಳಿಗೋ ಅವಳಪ್ಪನಿಗೆ ಫೋನು ಬರುತ್ತದೆ, ಪ್ರತಿ ಸಲವೂ ಬೇರೆ ನಂಬರಿನಿಂದ. ಚೆನ್ನಾಗಿದೀನಿ ಅನ್ನುತ್ತಾಳಂತೆ. ನನ್ನ ಮಾತ್ರೆಗಳ ಬಗ್ಗೆ ವಿಚಾರಿಸುತ್ತಾಳಂತೆ. ಎಲ್ಲಿದೀಯಾ ಅಂದರೆ ಮಾತ್ರ ಲೈನು ಕಟ್ಟಾಗುತ್ತದೆ.

ಅವತ್ತು ಅವಳೇ ನನ್ನನ್ನು ಬಸ್ಸು ಹತ್ತಿಸಿ ಕಿಟಕಿ ಪಕ್ಕ ಕೂರಿಸಿದಳು. ನೀರಿನ ಬಾಟ್ಲಿ ಕೈಗೆ ಕೊಟ್ಟು ಹೋಯ್ತೀನಿ ಅಂದಳು. ಬತ್ತೀನಿ ಅನ್ನಲಿಲ್ಲ. ಹೊರಡುವಾಗ ನಮ್ಮಲ್ಲಿ ಯಾರೂ ಹೋಯ್ತೀನಿ ಅನ್ನುವುದಿಲ್ಲ. ಹೂವಿನ ಗಾಡಿ ದಾಟಿ, ಬಾಳೆಹಣ್ಣಿನ ಗಾಡಿ ದಾಟಿ, ಸ್ಕೂಲಿನ ರಸ್ತೆಗೆ ನಡೆದಳು. ಡ್ರೈವರು ಇನ್ನೂ ಟೀ ಕುಡಿಯುತ್ತಿದ್ದ. ಹಿಂದಿನಿಂದ ಆಟೋದವನೊಬ್ಬ ಹಾರನ್ ಹೊಡೆದಾಗ ಪಕ್ಕಕ್ಕೆ ಸರಿದು ನಿಂತಳು. ಈಗ ತಿರುಗುತ್ತಾಳೆ ಅಂತ ಕಿಟಕಿಯ ಸರಳಿಗೆ ಹಣೆಯೊತ್ತಿ ಕೂತೆ. ಆಟೋ ಹೋಯಿತು. ಅವಳು ದುಪಟ್ಟಾ ಸರಿಮಾಡಿಕೊಂಡು ಹಾಗೇ ಮುಂದಕ್ಕೆ ನಡೆದಳು.