ಮಗ್ಗದ ಮನೆಯಿಂದ ‘ರೇಡಿಯೊ ಕಟ್ಟೆ’ ಕಾಯುವ ಚೌಡೇಶ್

ಬೆಳಿಗ್ಗೆ ಐದೂವರೆ. ಕೊಳ್ಳೇಗಾಲದ ನೇಕಾರರ ಬೀದಿಯ ಮನೆಯಲ್ಲಿ, ಮಗ್ಗದ ಗುಂಡಿಗೆ ಕಾಲಿಳಿಸುವ ಮುನ್ನ ಚೌಡೇಶ್ ಗೋಡೆಗೊರಗಿ ಮೊಬೈಲ್ ತೆರೆಯುತ್ತಾರೆ. ಲಾಟರಿ ಗೆದ್ದ ಸುದ್ದಿಯನ್ನು ಅಳಿಸುತ್ತಾರೆ. ತೂಕ ಇಳಿಸುವ ಪುಡಿಯ ಜಾಹೀರಾತೂ ಹೋಗುತ್ತದೆ. ಹಾಸನದವರೊಬ್ಬರ ಹಳೇ ರೇಡಿಯೊ ಸೆಟ್ಟು ಗೊರಗೊರ ಎನ್ನುತ್ತಿದೆಯಂತೆ. ಆ ಪ್ರಶ್ನೆಯನ್ನು ಒಳಗೆ ಬಿಡುತ್ತಾರೆ.

“ಮೊದ್ಲು ಕಾಫಿ ಕುಡೀರಿ, ಆಮೇಲೆ ಕಾವಲು ಕಾಯೀರಂತೆ” ಎಂದು ಮಡದಿ ವಾಣಿಶ್ರೀ ಲೋಟ ಇಡುತ್ತಾರೆ.

‘ರೇಡಿಯೊ ಕಟ್ಟೆ’ ಹಳೇ ರೇಡಿಯೊ ಬಿಚ್ಚಿ ಜೋಡಿಸುವ ಹುಚ್ಚಿರುವವರ ಜಾಲತಾಣ. ಸದಸ್ಯರು ಸಾವಿರದ ನಾನೂರು. ದಿನಕ್ಕೆ ನಲವತ್ತು ಬರಹ, ಅರ್ಧ ಬರೀ ಮೋಸ. ಚೌಡೇಶ್ ಇದನ್ನು ಸಂಬಳವಿಲ್ಲದೆ ಕಾಯುತ್ತಿರುವುದು ಒಂಬತ್ತು ವರ್ಷದಿಂದ.

ಹೋದ ವರ್ಷ ಸದಸ್ಯನಂತೆ ನಟಿಸಿದವನೊಬ್ಬ ಕಳಿಸಿದ ಲಿಂಕನ್ನು ಅವರೇ ಒತ್ತಿಬಿಟ್ಟರು. ಪಾಸ್‌ವರ್ಡ್ ಕೈತಪ್ಪಿತು, ಗಂಟೆಯೊಳಗೆ ಆರು ನೂರು ರಿಪೇರಿ ಟಿಪ್ಪಣಿ ಮಾಯ. ಸದಸ್ಯರು ತಂತಮ್ಮಲ್ಲಿ ಉಳಿಸಿಕೊಂಡಿದ್ದನ್ನು ಕಳಿಸಿ, ಬಹುಪಾಲನ್ನು ಮತ್ತೆ ಕೂಡಿಸಿಕೊಟ್ಟರು. “ಒಬ್ರೂ ಬಯ್ನಿಲ್ಲ ಸಾ. ಆ ಋಣ ಎಂಗೆ ತೀರ್ಸದು?” ಎನ್ನುವಾಗ ಅವರ ದನಿ ಇಳಿಯುತ್ತದೆ.

ಆ ಭಯಕ್ಕೆ ಅವರು ಸದಸ್ಯರಲ್ಲದವರು ಓದಲೂ ಆಗದಂತೆ ಕಟ್ಟೆಯನ್ನು ಮುಚ್ಚಿದರು. ಆಗಲೇ ಕಾಡಂಚಿನ ಊರು ಹೂಗ್ಯಂನಿಂದ ರೂಪ ಎಂಬ ಹೆಸರಲ್ಲಿ ಸದಸ್ಯತ್ವಕ್ಕೆ ಅರ್ಜಿ ಬಂತು. ಫೋಟೊ ಇಲ್ಲ, ಪರಿಚಯದವರಿಲ್ಲ. ಮೂರು ಸಲ ತಿರಸ್ಕರಿಸಿದರು. ಒಂದು ಮಧ್ಯಾಹ್ನ, ಜಾಲತಾಣದ ಮುಖಪುಟದಲ್ಲಿದ್ದ ಚೌಡೇಶ್ ಹೆಸರು, ಊರು ಹಿಡಿದು, ಟವೆಲಿನಲ್ಲಿ ರೇಡಿಯೊ ಸುತ್ತಿಕೊಂಡು ರೂಪ ಅವರೇ ಬಂದು ನಿಂತರು.

“ನಾನು ಕಳ್ಳಿ ಅಲ್ಲ ಕಣ್ರಿ. ಕಾಡಂದಿ ಓಡ್ಸಕೆ ರಾತ್ರಿ ಜ್ವಾಳದ ಒಲದಲ್ಲಿ ಇದ್ನ ಜೋರಾಗಿ ಆಕ್ತಿದ್ವಿ. ಇದು ಕೆಟ್ಮೇಲೆ ಅರ್ಧ ಒಲ ಓಯ್ತು. ನೀವು ಬರ್ದಿರಾದ್ನ ಓದ್ಕಂಡು ನಾನೇ ಸರಿ ಮಾಡ್ಕತಿದ್ದೆ. ಓದಕೂ ಬುಡ್ನಿಲ್ವಲ್ಲ!”

ಚೌಡೇಶ್ ಅವರನ್ನು ಒಳಗೆ ಕರೆದು ಕೂರಿಸಿದರು. ರೇಡಿಯೊವನ್ನು ತಾವು ಮುಟ್ಟದೆ, ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಕೆಟ್ಟ ಕಂಡೆನ್ಸರ್ ತೆಗೆದು ಹೊಸದನ್ನು ಬೆಸುಗೆ ಹಾಕಿದ್ದು ರೂಪ. ಸಂಜೆಯ ಬಸ್ಸಿಗೆ ಹೊರಡುವ ಹೊತ್ತಿಗೆ ಅದು ಮಾತಾಡುತ್ತಿತ್ತು.

ಅಂದೇ ಚೌಡೇಶ್ ‘ತಪ್ಪು ನನ್ನದು’ ಎಂದು ಕಟ್ಟೆಯಲ್ಲಿ ಬರೆದರು. ಓದಲು ಎಲ್ಲರಿಗೂ ಬಿಟ್ಟರು. ಹೊಸಬರ ಮೊದಲ ಐದು ಬರಹ ಮಾತ್ರ ಪರಿಶೀಲನೆಯಾದ ಮೇಲೆ ಕಾಣುತ್ತವೆ. ವಾರಕ್ಕೊಮ್ಮೆ ಎಲ್ಲದರ ಪ್ರತಿ ತೆಗೆದಿಡುತ್ತಾರೆ.

“ಮತ್ತೆ ಕಳ್ರು ನುಗ್ಗುದ್ರೆ?” ಎಂದು ಯಳಂದೂರಿನ ಹಿರಿಯ ಸದಸ್ಯ ಜಡೇಸ್ವಾಮಿ ಫೋನಿನಲ್ಲೇ ರೇಗಿದರು.

“ಅವ್ರು ಅಳಿಸಿದ್ದ ಮತ್ತೆ ಬರೀಬೌದು ಸಾ. ಕಲಿಯಕೆ ಬಂದೋರ್ನ ಓಡ್ಸುದ್ರೆ, ಅವ್ರು ಇನ್ನೊಂದ್ಸಲ ಬರಾಕಿಲ್ಲ.”

ಈಗ ಹೊಸಬರ ಬರಹ ನೋಡುವ ಹೊಣೆ ಇಬ್ಬರದು. ಮಧ್ಯಾಹ್ನದ ಮೇಲಿನದು ರೂಪ ಅವರ ಪಾಲು. “ಮೋಸದ ಬರಹನ ನನಗಿಂತ ಚೆನ್ನಾಗಿ ಗುರ್ತು ಇಡೀತಾರೆ” ಎನ್ನುತ್ತಾ ಚೌಡೇಶ್ ಗುಂಡಿಗಿಳಿದು ಲಾಳಿ ಕೈಗೆತ್ತಿಕೊಳ್ಳುತ್ತಾರೆ. “ಒಂದ್ಸಲ ಹೂಗ್ಯಂಗೆ ಓಗ್ಬೇಕು ಸಾ. ಆ ಒಲದ ಬದುವಿನ್ ಮ್ಯಾಲೆ ಕುಂತು, ಅವ್ರು ಬೆಸುಗೆ ಆಕಿದ ರೇಡಿಯೊದಲ್ಲಿ ಒಂದು ವಾರ್ತೆ ಕೇಳ್ಬೇಕು.”